ತಾತನ ಊರಿನಲ್ಲಿ ಗದ್ದೆ ಇಲ್ಲ

ಚೆನ್ನೈಯ ನಮ್ಮ ಕನ್ನಡ ಸಂಘದ ಈ ಸಲದ ಸ್ಮರಣ ಸಂಚಿಕೆ ತಡವಾಯಿತು. ಏಕೆ ತಡವಾಯಿತೆಂದು ಸದಸ್ಯರಿಗೆಲ್ಲ ಗೊತ್ತೇ ಇದೆ. ಕಾರ್ಯಕಾರಿ ಸಮಿತಿಯಲ್ಲಿ ಯಾರು ಯಾರಿಗೆ ಏನೆಂದರು ಎಂಬುದು ಸಭೆಯ ಕಾಫಿ ಆರುವ ಮೊದಲೇ ಅಡ್ಯಾರಿನಿಂದ ಅಣ್ಣಾನಗರದವರೆಗೆ ಮನೆಮನೆಗೂ ತಲುಪಿತ್ತು. ಮಕ್ಕಳ ಪ್ರಬಂಧ ಸ್ಪರ್ಧೆಗೆ ಈ ವರ್ಷ ಮೊದಲ ಬಹುಮಾನ ಬೇಡ ಎಂದು ಪಟ್ಟು ಹಿಡಿದವಳು ನಾನೇ. ಮಕ್ಕಳ ಮನಸ್ಸು ಮುರಿದೆ ಎಂದು ನೊಂದುಕೊಂಡ ತಾಯ್ತಂದೆಯರಿಗೆ ಕಾರಣ ಹೇಳಲು ನನಗಿರುವ ಜಾಗ ಇದೊಂದೇ.

ಸ್ಪರ್ಧೆಯ ವಿಷಯ ‘ನಮ್ಮ ತಾತನ ಊರು’. ಚೆನ್ನೈಯಲ್ಲಿ ಹುಟ್ಟಿ ಇಲ್ಲಿಯ ಶಾಲೆಯಲ್ಲೇ ಓದುವ ನಮ್ಮ ಮಕ್ಕಳಿಗೆ ನಾಡಿನ ಚರಿತ್ರೆ, ಸೀಮೆ, ಜನ ಇವೆಲ್ಲ ತಮ್ಮ ಮನೆಯ ಹಿರಿಯರ ಮೂಲಕವೇ ಪರಿಚಯವಾಗಲಿ ಎಂಬ ಆಸೆಯಿಂದ ಕೊಟ್ಟ ವಿಷಯ. ಬಂದ ಪ್ರಬಂಧಗಳನ್ನು ಕೂತು ಓದಿದೆ. ಬೀದರಿನ ತಾತನ ಊರಲ್ಲೂ ಹಚ್ಚಹಸಿರಿನ ಗದ್ದೆ, ಕಾರ್ಕಳದ ತಾತನ ಊರಲ್ಲೂ ಹಚ್ಚಹಸಿರಿನ ಗದ್ದೆ. ಎಲ್ಲ ಊರಲ್ಲೂ ಜುಳುಜುಳು ನದಿ, ಎಲ್ಲ ಊರಲ್ಲೂ ಮುಗ್ಧ ಜನ, ಶ್ರೀಮಂತ ಸಂಸ್ಕೃತಿ. ಫೋನನ್ನು ಕೇಳಿ, ಅದು ಕೊಟ್ಟದ್ದನ್ನು ಅಮ್ಮ ಓದಿ ಹೇಳಿ, ಮಗು ದುಂಡಗೆ ಬರೆದುಕೊಂಡದ್ದು. ಅಕ್ಷರ ಮುತ್ತಿನ ಹಾಗಿದ್ದವು. ತಾತ ಎಲ್ಲಿಯೂ ಇರಲಿಲ್ಲ.

ಅವುಗಳಲ್ಲಿ ಒಂದು ಕೋಡಿಹಳ್ಳಿಯದು. ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿ, ನಾನು ಹುಟ್ಟಿ ಬೆಳೆದ ಸೀಮೆ. ಆ ಪ್ರಬಂಧದಲ್ಲಿಯೂ ಕಣ್ಣು ಹಾಯಿಸಿದಷ್ಟು ದೂರ ಭತ್ತದ ಗದ್ದೆ! ನನಗೆ ತಡೆಯಲಾಗಲಿಲ್ಲ. ನಮ್ಮದು ಬೆಟ್ಟ, ಬಂಡೆ, ಕಾಡಂಚಿನ ಬೆದ್ದಲು ಭೂಮಿ. ರಾಗಿ, ಹುರುಳಿ, ಅವರೆ, ಬದುವಿನ ಮೇಲೆ ಹುಣಸೆ; ಬಾವಿಯೋ ಬೋರ್‌ವೆಲ್ಲೋ ಇದ್ದವರಿಗೆ ತೆಂಗು, ಹಿಪ್ಪುನೇರಳೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಕಾಡು ಒಂದು ಕಡೆ, ಕಾವೇರಿ ವನ್ಯಧಾಮದ ಕಾಡು ಇನ್ನೊಂದು ಕಡೆ. ನಡುವೆ ರೈತನ ಹೊಲ. ಮೂಡಣಕ್ಕೆ ಕಾಡು ದಾಟಿದರೆ ತಮಿಳುನಾಡಿನ ಅಂಚೆಟ್ಟಿ, ತಳಿ ಕಡೆಯ ಊರುಗಳು, ಅಲ್ಲೂ ಕನ್ನಡ ಮನೆಮಾತಿನವರು ಬೇಕಾದಷ್ಟು. ಇದರಲ್ಲಿ ಒಂದಕ್ಷರವೂ ಆ ಪ್ರಬಂಧದಲ್ಲಿಲ್ಲ.

ಬರೆದ ಹುಡುಗ ಏಳನೇ ತರಗತಿ. ಹೆಸರು ಬೇಡ. ಸಂಘದ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕೇಳಿದೆ: “ತಾತ ರಾತ್ರಿ ಎಲ್ಲಿ ಮಲಗ್ತಾರೆ?”

“ಅಟ್ಟಣೆ ಮೇಲೆ ಆಂಟಿ. ರಾಗಿ ಕಟಾವಿಗೆ ಬಂದಾಗ ಆನೆ ಬರುತ್ತಲ್ಲ. ತಾತ ಡಬ್ಬ ಬಡೀತಾರೆ, ಪಟಾಕಿ ಹೊಡೀತಾರೆ. ದೀಪಾವಳಿಗೆ ಮಾತ್ರ ಪಟಾಕಿ ಕೊಡಿಸಲ್ಲ, ಅದು ಆನೆಗೆ ಇಟ್ಟಿದ್ದು ಅಂತಾರೆ.”

“ಅಜ್ಜಿ?”

“ಅಜ್ಜಿ ರೇಷ್ಮೆ ಹುಳು ಸಾಕ್ತಾರೆ. ಹುಳದ ಮನೆಗೆ ಚಪ್ಪಲಿ ಹಾಕ್ಕೊಂಡು ಹೋಗಬಾರದು, ಅಪ್ಪ ಸೆಂಟ್ ಹಾಕ್ಕೊಂಡು ಹೋದ್ರೂ ಬಯ್ತಾರೆ. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತೆ. ಜ್ವರ ಬಂದಾಗ ಸೊಪ್ಪು ಹಾಕಬಾರದು.”

ಮೇಲುಗಡೆ ಆನೆ ಕಂದಕ ತೋಡಿದ್ದಾರೆ, ಮಳೆಗೆ ಮಣ್ಣು ಕುಸಿದ ಕಡೆಯಿಂದಲೇ ಆನೆ ದಾಟುತ್ತದೆ ಎಂಬುದೂ ಅವನಿಗೆ ಗೊತ್ತು. ಬಿಳಿಕಲ್ ಬೆಟ್ಟದ ಜಾತ್ರೆ ಗೊತ್ತು. ಕಾಡಿನಿಂದ ಜೇನು ತಂದು ಕೊಡುವ ಇರುಳಿಗರ ಅಜ್ಜ ಗೊತ್ತು, ಅವರು ಬಂದರೆ ತಾತ ಜಗಲಿಯಲ್ಲಿ ಜೊತೆಗೆ ಕೂತು ಎಲೆಯಡಿಕೆ ಹಾಕುವುದೂ ಗೊತ್ತು. “ಮತ್ತೆ ಇದೆಲ್ಲ ಯಾಕಪ್ಪಾ ಬರೀಲಿಲ್ಲ?” ಎಂದೆ. “ಇದನ್ನೆಲ್ಲ ಬರೆದ್ರೆ ಬಹುಮಾನ ಬರಲ್ಲ ಅಂದ್ರು ಅಮ್ಮ. ಊರಿನ ಬಗ್ಗೆ ಒಳ್ಳೇದು ಬರೀಬೇಕಂತೆ.”

ನನ್ನ ಸಂಕಟ ಇದು. ಮಕ್ಕಳಿಗೆ ನಾಡು ಗೊತ್ತಿಲ್ಲ ಎಂದು ಪ್ರತಿ ನವೆಂಬರಿನಲ್ಲೂ ವೇದಿಕೆ ಹತ್ತಿ ಗೋಳಾಡುತ್ತೇವೆ. ಈ ಹುಡುಗನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಬರೆಯಲು ಯೋಗ್ಯವಲ್ಲ ಎಂದು ಕಲಿಸಿದವರು ನಾವು, ದೊಡ್ಡವರು. ರಜೆಯಲ್ಲಿ ಕಣ್ಣಾರೆ ಕಂಡದ್ದನ್ನೆಲ್ಲ ಅಳಿಸಿ, ಆ ಜಾಗದಲ್ಲಿ ಯಾವ ಊರಿನದೂ ಅಲ್ಲದ ಗದ್ದೆಯೊಂದನ್ನು ತಂದಿಟ್ಟೆವು. ಆ ತಾಯಿಯನ್ನೊಬ್ಬರನ್ನೇ ನಾನು ದೂರುವುದಿಲ್ಲ. ಹಿಂದಿನ ವರ್ಷಗಳಲ್ಲಿ ಎಂಥ ಪ್ರಬಂಧಗಳಿಗೆ ಬಹುಮಾನ ಬಂದಿತೆಂದು ನೋಡಿಯೇ ಅವರು ಹಾಗೆ ಹೇಳಿದ್ದು.

ಚರಿತ್ರೆ ಎಂದರೆ ನಮ್ಮ ಸಂಘದಲ್ಲಿ ಛದ್ಮವೇಷ. ಬಾಡಿಗೆಗೆ ತಂದ ಕಿರೀಟ, ತಗಡಿನ ಕತ್ತಿ, ಎರಡು ನಿಮಿಷ ಕಿತ್ತೂರು ಚೆನ್ನಮ್ಮ, ಎರಡು ನಿಮಿಷ ಸಂಗೊಳ್ಳಿ ರಾಯಣ್ಣ. ಮಾರನೆಯ ದಿನ ಅಂಗಡಿಗೆ ವಾಪಸು. ಚೆನ್ನಮ್ಮನೂ ಬೇಕು, ರಾಯಣ್ಣನೂ ಬೇಕು. ಆದರೆ ಚರಿತ್ರೆ ತನ್ನ ಮನೆಯ ಜಗಲಿಗೂ ಬಂದು ಹೋಗಿದೆ ಎಂದು ಮಗುವಿಗೆ ಹೇಳುವವರು ಯಾರು?

ಈ ಹುಡುಗನ ತಾತನನ್ನೇ ತೆಗೆದುಕೊಳ್ಳಿ. ಅವರು ಹುಟ್ಟಿದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಅವರ ಮನೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಹೋಯಿತು, 2007ರಲ್ಲಿ ರಾಮನಗರ ಜಿಲ್ಲೆಗೆ, 2025ರಲ್ಲಿ ಆ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಅವರು ಹುಟ್ಟಿದಾಗ ರಾಜ್ಯದ ಹೆಸರು ಮೈಸೂರು, ಕರ್ನಾಟಕವಾದದ್ದು 1973ರಲ್ಲಿ. ಹಳಬರ ಬಾಯಲ್ಲಿ ಕನಕಪುರ ಈಗಲೂ ಕಾನಕಾನಹಳ್ಳಿಯೇ, ರಾಮನಗರ ಕ್ಲೋಸ್‌ಪೇಟೆಯೇ. ತಾತ ಮಾತ್ರ ಮನೆ ಬದಲಿಸಿಲ್ಲ. ಒಂದು ಮಗುವಿಗೆ ನಮ್ಮ ರಾಜ್ಯ ಹೇಗಾಯಿತೆಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ?

ಇನ್ನೊಂದು ಮಾತು ನಮ್ಮ ಮದರಾಸಿಗೇ ಸಂಬಂಧಿಸಿದ್ದು. ನಮ್ಮ ತಾಲ್ಲೂಕಿನ ತೆಂಕಣ ತುದಿಯಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ. ಅಲ್ಲಿಂದ ಕೆಳಕ್ಕೆ ಬಂಡೆಗಳ ನಡುವೆ ನದಿ ಇಕ್ಕಟ್ಟಾಗುವ ಮೇಕೆದಾಟು. ಈ ದಡ ಕನಕಪುರ, ಆ ದಡ ಇವತ್ತಿನ ಹನೂರು ತಾಲ್ಲೂಕು, ಹಿಂದಿನ ಕೊಳ್ಳೇಗಾಲ. 1956ರ ನವೆಂಬರ್ 1ರವರೆಗೆ ಆ ಕೊಳ್ಳೇಗಾಲ ಇದ್ದದ್ದು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿ. ಶಿವರಾತ್ರಿಗೆ ನಮ್ಮ ಕಡೆಯವರು ಬುತ್ತಿ ಕಟ್ಟಿಕೊಂಡು ನಡೆದು, ಸಂಗಮದಲ್ಲಿ ಎದೆಮಟ್ಟದ ನೀರಿಗಿಳಿದು, ಕೈಕೈ ಹಿಡಿದು ಹೊಳೆ ದಾಟಿ, ಕಾಡು ಹಾದು ಮಲೆ ಮಹದೇಶ್ವರ ಬೆಟ್ಟ ಹತ್ತುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಹೀಗೆ ದಾಟಿದವರು ಮೈಸೂರಿನಿಂದ ಮದರಾಸಿಗೆ ಕಾಲಿಟ್ಟಿದ್ದರು. ಮಾದಪ್ಪನ ಪರಸೆಗೆ ಆ ಗಡಿ ಲೆಕ್ಕಕ್ಕೇ ಇರಲಿಲ್ಲ. ಅದೇ ವರ್ಷ ತಾಳವಾಡಿ ಮಾತ್ರ ಮದರಾಸಿನಲ್ಲೇ ಉಳಿಯಿತು, ಹಾಗಾಗಿ ಡಾ. ರಾಜ್‌ಕುಮಾರ್ ಅವರ ಗಾಜನೂರು ಇವತ್ತಿಗೂ ತಮಿಳುನಾಡಿನಲ್ಲಿದೆ. ಇದನ್ನು ಹೇಳಿದಾಗ ನಮ್ಮ ಯುವ ವಿಭಾಗದ ಕಾರ್ಯದರ್ಶಿಯೇ ನಂಬಲಿಲ್ಲ.

ನಮ್ಮ ಮಕ್ಕಳಿಗೆ ಮೇಕೆದಾಟು ಎಂದರೆ ಟೀವಿಯ ಜಗಳ. ಕಾವೇರಿ ಎಂದರೆ ಶಾಲೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾದ ವಿಷಯ. ಹಾಗೆ ಹೇಳಿಕೊಟ್ಟವರೂ ನಾವೇ, ಹೆದರಿಕೆಯಿಂದ. 1991ರ ಡಿಸೆಂಬರಿನ ಕಾವೇರಿ ಗಲಭೆ ಕಂಡವರ ಹೆದರಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆ ನೀರು ಮೇಕೆದಾಟು ದಾಟಿ, ಹೊಗೇನಕಲ್ಲಿನಲ್ಲಿ ಧುಮುಕಿ, 1934ರಲ್ಲಿ ಕಟ್ಟಿ ಮುಗಿಸಿದ ಮೆಟ್ಟೂರು ಅಣೆಕಟ್ಟಿನಲ್ಲಿ ನಿಂತು, ಕಾಲುವೆಗಳಲ್ಲಿ ಹರಿದು ವೀರಾಣಂ ಕೆರೆ ಸೇರುತ್ತದೆ. 2004ರಿಂದ ವೀರಾಣಂ ನೀರು ಕೊಳವೆಯಲ್ಲಿ ಚೆನ್ನೈಗೆ ಬರುತ್ತಿದೆ. ನಮ್ಮ ಹುಡುಗ ಇಲ್ಲಿ ಕುಡಿಯುವ ನೀರಿನಲ್ಲಿ ಅವನ ತಾತನ ತಾಲ್ಲೂಕಿನ ಹಳ್ಳಗಳ ಪಾಲೂ ಇದೆ. ಅವನಿಗೆ ಹೇಳಿದೆ. ನಲ್ಲಿಯ ಕಡೆಗೇ ಒಂದು ಗಳಿಗೆ ನೋಡಿದ.

ಅಜ್ಜಿಯ ಹುಳುವಿನ ಕತೆಯೂ ಅಷ್ಟೇ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆ ಬೆಳೆಸಿದ. ಹುಳು ಪೊರೆ ಕಳಚುವ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ರಾತ್ರಿ ಹಗಲೆನ್ನದೆ ಸೊಪ್ಪು ತಿಂದು ಹಣ್ಣಾಗುತ್ತದೆ. ಅದನ್ನು ಆಯ್ದು ಚಂದ್ರಿಕೆ ಎಂಬ ತಟ್ಟೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಅಲ್ಲಿ ಕೊಳ್ಳುವ ರೀಲರುಗಳಲ್ಲಿ ಬಹಳ ಮಂದಿ ಮುಸ್ಲಿಮರು, ಬಿಸಿನೀರಿನ ಬಾನಿಯ ಮುಂದೆ ಎಳೆ ಹುಡುಕಿ ನೂಲು ಬಿಚ್ಚುವ ಕೈಗಳು ಹೆಚ್ಚಾಗಿ ಹೆಂಗಸರವು. ಆ ನೂಲು ಕಾಂಚೀಪುರದ ಮಗ್ಗಗಳಿಗೆ ಬರುತ್ತದೆ. ರಾಜ್ಯೋತ್ಸವಕ್ಕೆ ನಾವು ಉಟ್ಟು ಬರುವ ಕಾಂಚೀಪುರಂ ಸೀರೆಯಲ್ಲಿ ಕನಕಪುರದ ಹೆಣ್ಣುಮಗಳೊಬ್ಬಳ ನಿದ್ದೆಗೆಟ್ಟ ರಾತ್ರಿಗಳಿವೆ. ಬಂಗಾಳ, ಮೈಸೂರು, ರಾಮನಗರ, ಕಂಚಿ. ದೇಶ ಎಂದರೆ ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದು. ಮಕ್ಕಳಿಗೆ ನಾವು ಕೊಡುತ್ತಿರುವುದು ರಾಜ್ಯಗಳ ರಾಜಧಾನಿಗಳ ಪಟ್ಟಿ.

ಆ ತಾತನ ಜಿಲ್ಲೆ ಒಂದರಲ್ಲೇ ಮಕ್ಕಳಿಗೆ ಹೇಳಬೇಕಾದ ಜನ ಎಷ್ಟಿದ್ದಾರೆ! ಕನ್ನಡದ ಮಕ್ಕಳಿಗೆ ಹಾಡು ಕಟ್ಟಿಕೊಟ್ಟ ಜಿ.ಪಿ. ರಾಜರತ್ನಂ ರಾಮನಗರದವರು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೂ ಅಲ್ಲಿಯವರೇ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದ ಸಿದ್ಧಲಿಂಗಯ್ಯ ‘ಊರುಕೇರಿ’ ಬರೆದರು. ಊರಿನ ಬಗ್ಗೆ ಬರೀ ‘ಒಳ್ಳೇದು’ ಬರೆಯಲು ಹೊರಟಿದ್ದರೆ ಅಂಥ ಪುಸ್ತಕ ಬರುತ್ತಿರಲಿಲ್ಲ. ಹುಲಿಕಲ್ಲಿನ ತಿಮ್ಮಕ್ಕ ಕುದೂರಿನ ದಾರಿಗೆ ಆಲದ ಸಾಲು ನೆಟ್ಟು ನೀರು ಹೊತ್ತರು. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುವವರು ಇನ್ನೂ ಇದ್ದಾರೆ. ಅವರ ಬೊಂಬೆ ನಮ್ಮೆಲ್ಲರ ಶೋಕೇಸಿನಲ್ಲಿದೆ, ಅವರು ನಮ್ಮ ಮಕ್ಕಳ ಮಾತಿನಲ್ಲಿಲ್ಲ.

ಮಕ್ಕಳಿಗೆ ನಾಡನ್ನೂ ಲೋಕವನ್ನೂ ತಿಳಿಸುವ ಕೆಲಸಕ್ಕೆ ನಮ್ಮ ಹಿಂದಿನವರು ಬೆವರು ಸುರಿಸಿದ್ದರು. 1936ರಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂರು ಸಂಪುಟ ತಂದರು. ನಿರಂಜನರು ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳನ್ನು ಸಂಪಾದಿಸಿದರು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ ‘ಭಾರತ ಭಾರತಿ’ಯ 510 ಪುಟ್ಟ ಪುಸ್ತಕಗಳು ಹಳ್ಳಿ ಹಳ್ಳಿಯ ಶಾಲೆಗೆ ಹೋದವು, ಒಂದೊಂದನ್ನೂ ಜೇಬಿನಲ್ಲಿಟ್ಟುಕೊಂಡು ಓದಿದವಳು ನಾನು. 1967ರಲ್ಲಿ ದೆಹಲಿಯ ಒಂದು ರಸಪ್ರಶ್ನೆಯಲ್ಲಿ ಮಕ್ಕಳು ಗ್ರೀಕ್ ದೇವತೆಗಳ ಬಗ್ಗೆ ಉತ್ತರಿಸಿ ರಾಮನ ತಾಯಿಯ ಹೆಸರಿಗೆ ತಡವರಿಸಿದ್ದನ್ನು ಕಂಡೇ ಕಾರ್ಕಳದ ಅನಂತ ಪೈ ಅವರು ಅಮರ ಚಿತ್ರಕಥೆಯನ್ನು ಈ ದೇಶದ ಕತೆಗಳ ಕಡೆಗೆ ತಿರುಗಿಸಿದರು. ಅವರು ಕಂಡ ಮಕ್ಕಳಿಗೆ ಗೊತ್ತಿರಲಿಲ್ಲ, ಅವರು ತಿಳಿಸಿದರು. ನಮ್ಮ ಕಾಲದ ರೋಗ ಬೇರೆ. ನಮ್ಮ ಮಕ್ಕಳು ತಿಳಿದದ್ದನ್ನೂ ನುಂಗಿಕೊಳ್ಳುತ್ತಿದ್ದಾರೆ.

ಸಂಘದ ಬೀರುವಿನಲ್ಲಿರುವ ಆ ಪುಸ್ತಕಗಳನ್ನು ರದ್ದಿಗೆ ಹಾಕಿ ಸ್ಪೀಕರ್ ಇಡಲು ಜಾಗ ಮಾಡಬೇಕೆಂಬ ಸೂಚನೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಮಾತು ಮಿತಿ ಮೀರುತ್ತದೆ. ಬೀರುವಿನ ಬೀಗದಕೈ ನನ್ನ ಹತ್ತಿರವೇ ಇದೆ. ಮಕ್ಕಳನ್ನು ಕರೆದುಕೊಂಡು ಬಂದು ಕೇಳುವವರು ಯಾವ ಭಾನುವಾರ ಬೇಕಾದರೂ ಬರಬಹುದು.

ಹುಡುಗ ಮತ್ತೆ ಬರೆದುಕೊಟ್ಟ. ಈ ಸಲ ರಾತ್ರಿ ಫೋನು ಮಾಡಿ ತಾತನನ್ನೇ ಕೇಳಿ ಬರೆದಿದ್ದಾನೆ. ಅರ್ಧ ಪುಟ, ಒತ್ತಕ್ಷರ ಅಲ್ಲಲ್ಲಿ ತಪ್ಪಿವೆ, ತಿದ್ದದೆ ಒಳಗಿನ ಮಕ್ಕಳ ಪುಟದಲ್ಲಿ ಅಚ್ಚು ಹಾಕಿದ್ದೇವೆ. ಅದರಲ್ಲಿ ಅಟ್ಟಣೆ ಇದೆ, ಹುಳದ ಮನೆ ಇದೆ, ಇರುಳಿಗರ ಅಜ್ಜ ಇದ್ದಾರೆ. ಹೋದ ವರ್ಷ ಆನೆ ತುಳಿದ ರಾಗಿಗೆ ತಾತನಿಗೆ ಇನ್ನೂ ಪರಿಹಾರ ಬಂದಿಲ್ಲ ಎಂಬ ಸಾಲೂ ಇದೆ. ಸಂಚಿಕೆ ಮುಖ್ಯ ಅತಿಥಿಗಳ ಕೈಗೆ ಹೋಗುತ್ತದೆ, ಆ ಸಾಲನ್ನು ತೆಗೆಯಿರಿ ಎಂದು ಸಮಿತಿಯ ಹಿರಿಯರೊಬ್ಬರು ಎರಡು ಬಾರಿ ಫೋನು ಮಾಡಿದರು. ಮುಖ್ಯ ಅತಿಥಿಗಳು ಓದಲಿ ಎಂದೇ ಅದನ್ನು ಉಳಿಸಿದ್ದೇನೆ.