ಥರ್ಮೋಕೋಲಿನ ಬಸದಿ

ಕಾರ್ಕಳದ ಚತುರ್ಮುಖ ಬಸದಿಯನ್ನು ಮನೆಯಲ್ಲಿ ಮಾಡಿ ತರಲು ನಾಲ್ಕನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆ. ಬಂದವು ನೋಡಿ, ಉಡುಪಿಯ ಅಂಗಡಿಗಳಿಂದ ಕೊಂಡ ಥರ್ಮೋಕೋಲಿನ ಅರಮನೆಗಳು! ಮಗುವಿನ ಕೈ ತಾಗಿದ ಗುರುತೇ ಇಲ್ಲ. "ಅಂಟು ಮೈಗೆಲ್ಲ ಮೆತ್ತಿಕೊಳ್ಳುತ್ತಾನೆ ಟೀಚರ್, ಅದಕ್ಕೆ ನಾನೇ ಮಾಡಿಕೊಟ್ಟೆ" ಎಂದರು ಒಬ್ಬ ತಾಯಿ. ಹಾಗಾದರೆ ಮಾರ್ಕು ಯಾರಿಗೆ ಕೊಡಲಿ? ಅಂಟು ತೊಳೆದರೆ ಹೋಗುತ್ತದಲ್ಲ!

ಒಬ್ಬ ಹುಡುಗಿ ಮಾತ್ರ ಬಿಸ್ಕತ್ತಿನ ರಟ್ಟು ಕತ್ತರಿಸಿ, ಸೊಟ್ಟಸೊಟ್ಟಗೆ ಅಂಟಿಸಿ ತಂದಿದ್ದಳು. ನಾಲ್ಕೂ ಕಡೆ ಬಾಗಿಲು ಕೊರೆದವಳಿಗೆ ಒಂದು ಸಂಶಯ: "ಇದರಲ್ಲಿ ಎದುರು ಯಾವುದು ಟೀಚರ್?" 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಬಸದಿಯ ಸೊಗಸೇ ಅದು, ನಾಲ್ಕು ದಿಕ್ಕಿಗೂ ಒಂದೇ ಮುಖ. ಇಸವಿಯನ್ನು ಬಾಯಿಪಾಠ ಮಾಡಿದ ಯಾರಿಗೂ ಈ ಪ್ರಶ್ನೆ ಹುಟ್ಟಿರಲಿಲ್ಲ.

ಇದಕ್ಕೆ ದುಡ್ಡೇನೂ ಬೇಡ. 1432ರಲ್ಲಿ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟನನ್ನು ಬಂಡಿಯಲ್ಲಿ ಎಳೆದು ಗುಡ್ಡಕ್ಕೇರಿಸಿದರೆಂದು ಹೇಳುತ್ತಾರೆ. ಮುರಕಲ್ಲಿನ ತುಂಡಿಗೆ ಹಗ್ಗ ಕಟ್ಟಿ, ಓರೆಯಾಗಿಟ್ಟ ಹಲಗೆಯ ಮೇಲೆ ಮಗುವೇ ಎಳೆಯಲಿ. ಎರಡು ಸಲ ಸೋತ ಮೇಲೆ ಅಡಿಗೆ ಉರುಟು ಕೋಲು ಇಡಲು ಅದಕ್ಕೇ ಹೊಳೆಯುತ್ತದೆ. ಮಣಿಪಾಲದ ಫ್ಲ್ಯಾಟಿನಲ್ಲಿ ಅಂಗಳವೆಲ್ಲಿ ಎನ್ನಬೇಡಿ. ಚಪಾತಿ ಮಣೆ, ಲಟ್ಟಣಿಗೆ ಇಲ್ಲವೇ?

ರಟ್ಟಿನ ಬಸದಿಗೆ ಪೂರ್ತಿ ಮಾರ್ಕು ಕೊಟ್ಟೆ. ಮರುದಿನವೇ ಮೂವರು ತಾಯಂದಿರು ಜಗಳಕ್ಕೆ ಬಂದರು.