ಮನೆವಾರ್ತೆ: ಬನಿಯನ್ನಿನ ಬಣ್ಣ

ಸೀರೆಯನ್ನೋ ಅಂಗಿಯ ಬಟ್ಟೆಯನ್ನೋ ಕೊಳ್ಳುವಾಗ ನಾವು ಅದನ್ನು ಮುಟ್ಟಿ, ಬೆಳಕಿಗೆ ಹಿಡಿದು, ಬಣ್ಣ ಬಿಡುವುದೇ ಎಂದು ಅಂಗಡಿಯವರನ್ನು ಎರಡು ಬಾರಿ ಕೇಳುವೆವು. ಒಳ ಉಡುಪಿನ ವಿಷಯದಲ್ಲಿ ಮಾತ್ರ ಅಳತೆಯನ್ನಷ್ಟೇ ಹೇಳಿ, ಪೊಟ್ಟಣವನ್ನು ತೆಗೆದುಕೊಂಡು ಬರುವುದು ವಾಡಿಕೆ. ಹೊರಗೆ ಕಾಣದ ಬಟ್ಟೆಯ ಕುಲಗೋತ್ರವನ್ನು ವಿಚಾರಿಸಲು ನಮಗೆ ಸಂಕೋಚವೋ ಉದಾಸೀನವೋ ತಿಳಿಯದು.

ನಮ್ಮ ದೇಶದಲ್ಲಿ ಹೆಣಿಗೆಯ ಬನಿಯನ್ನಿಗೆ ತವರೆಂದರೆ ತಮಿಳುನಾಡಿನ ತಿರುಪ್ಪೂರು. ಆ ಊರಿನಲ್ಲಿ ಹರಿಯುವ ನೊಯ್ಯಲ್ ನದಿಯು ಮುಂದೆ, ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯನ್ನೇ ಸೇರುವುದು. ಹತ್ತಿಗೆ ಇಂದು ಹೆಚ್ಚಾಗಿ ಹಾಕುವ ಬಣ್ಣಗಳು ನೂಲಿಗೆ ಹತ್ತಬೇಕಾದರೆ ತೊಟ್ಟಿಯ ನೀರಿಗೆ ಉಪ್ಪನ್ನು ಸುರಿಯಬೇಕು. ಗಾಢವಾದ ಬಣ್ಣಕ್ಕೆ ಲೀಟರೊಂದಕ್ಕೆ 50 ಗ್ರಾಮನ್ನೂ ಮೀರುವುದುಂಟು. ಈ ಉಪ್ಪು ಬಟ್ಟೆಯಲ್ಲಿ ನಿಲ್ಲದೆ ನೀರಿನೊಡನೆ ಹೊರಬೀಳುವುದು. ಕಣ್ಣಿಗೆ ಕಾಣುವ ಬಣ್ಣವನ್ನು ಜನರು ದೂರುವರು. ಹೊಲವನ್ನು ಕೆಡಿಸುವುದಾದರೋ ಕಾಣದ ಉಪ್ಪು. ಸಾಧಾರಣವಾದ ಶುದ್ಧೀಕರಣದಿಂದ ಬಣ್ಣ ತೆಗೆದರೂ, ಕರಗಿದ ಉಪ್ಪು ಹೋಗದು.

1992ರಲ್ಲಿ ಈ ನದಿಗೆ ಒರತ್ತುಪಾಳೆಯಂ ಎಂಬಲ್ಲಿ ಅಣೆಕಟ್ಟನ್ನು ಕಟ್ಟಿದರು. ಬೆಳೆಗೆ ನೀರುಣಿಸಲೆಂದು ಕಟ್ಟಿದ ಆ ಜಲಾಶಯದಲ್ಲಿ ಬಣ್ಣದ ಕಾರ್ಖಾನೆಗಳ ಕೊಳಚೆ ತುಂಬಿತು. ನೀರಿಗಾಗಿ ಕಾದಿದ್ದ ರೈತರೇ ಅದು ಹೊಲಕ್ಕೆ ಬೇಡವೆನ್ನುವಂತಾಗಿ, ನ್ಯಾಯಾಲಯದ ಮೊರೆಹೊಕ್ಕರು. ಹನಿ ಕೊಳಚೆಯನ್ನೂ ಹೊರಬಿಡದ ಏರ್ಪಾಟಾಗುವವರೆಗೆ ಬಣ್ಣದ ಕಾರ್ಖಾನೆಗಳನ್ನು ಮುಚ್ಚಬೇಕೆಂದು 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಅಪ್ಪಣೆ ಮಾಡಿತು. ಕೂಲಿಗಾರರ ಕಷ್ಟವನ್ನು ನೆನೆದು ಇದು ಕಠಿಣವೆಂದವರುಂಟು. ಹೊಲ ಕಳೆದುಕೊಂಡವರಿಗೆ ತಡವಾಯಿತೆಂದೇ ತೋರಿರಬೇಕು.

ಆ ಏರ್ಪಾಟಿನಲ್ಲಿ ಕೊಳಚೆಯನ್ನು ಸೂಕ್ಷ್ಮವಾದ ಪೊರೆಗಳಲ್ಲಿ ಸೋಸಿ, ಉಳಿದುದನ್ನು ಕುದಿಸಿ ಇಂಗಿಸುವರು. ನೀರನ್ನೂ ಉಪ್ಪಿನ ಬಹುಭಾಗವನ್ನೂ ಮತ್ತೆ ತೊಟ್ಟಿಗೇ ಬಳಸುವರು. ಸೌದೆಯೋ ಕಲ್ಲಿದ್ದಲೋ ವಿದ್ಯುತ್ತೋ ಇದಕ್ಕೆ ಬೇಕೇಬೇಕು; ಯಾವುದಕ್ಕೂ ಬಾರದ ಬೆರಕೆ ಉಪ್ಪು ಕೊನೆಗೂ ರಾಶಿ ಉಳಿಯುವುದು. ಆದುದರಿಂದ ಗಾಢವಾದ ಬಣ್ಣವನ್ನೇ ಬೇಡದಿರುವುದು ಸುಲಭವಾದ ಉಪಾಯ. ಕೊಳೆ ಕಾಣದೆಂದು ಮಕ್ಕಳಿಗೆ ಕಪ್ಪು ಚಡ್ಡಿಯನ್ನು ಆರಿಸುವ ತಾಯಂದಿರು ಇದನ್ನು ಸ್ವಲ್ಪ ಯೋಚಿಸಬಹುದು. ಬಣ್ಣ ಹಾಕದ, ಹತ್ತಿಯ ಕೆನೆಬಣ್ಣವೇ ಉಳಿದ ಬಟ್ಟೆಯು ಒಳಗೆ ಧರಿಸಲು ಏನೂ ಕಡಿಮೆಯಲ್ಲ.

ಈಚೆಗೆ ಬಿದಿರಿನ ಒಳ ಉಡುಪೆಂದು ದುಬಾರಿಯ ಸರಕು ಬರುತ್ತಿದೆ. ಬಿದಿರು ಒಳ್ಳೆಯ ಗಿಡವೇ ಸರಿ. ಆದರೆ ಅದನ್ನು ಮೆತ್ತನೆಯ ನೂಲಾಗಿಸಲು ಸಾಮಾನ್ಯವಾಗಿ ಕಾಸ್ಟಿಕ್ ಸೋಡ ಮತ್ತು ಕಾರ್ಬನ್ ಡೈಸಲ್ಫೈಡುಗಳಲ್ಲಿ ಕರಗಿಸಿ ವಿಸ್ಕೋಸ್ ಮಾಡುವರು; ಎರಡನೆಯದರ ಆವಿಯು ಕೆಲಸಗಾರರ ನರಗಳಿಗೆ ಕೇಡು. ಇಂತಹುದನ್ನು ಬರಿಯ ಬಿದಿರೆಂದು ಮಾರಿದ ವರ್ತಕರ ಮೇಲೆ ಅಮೆರಿಕದ ಸರಕಾರವು 2009ರಲ್ಲಿ ಕ್ರಮ ಕೈಗೊಂಡಿತು. ಲಯೋಸೆಲ್ ಎಂಬ ನೂಲು ಇದಕ್ಕಿಂತ ಮೇಲು. ಅದರ ದ್ರಾವಕವನ್ನು ಬಹುಮಟ್ಟಿಗೆ ಮರಳಿ ಪಡೆದು ಬಳಸುವರು.

ಚೀಟಿಯ ಮೇಲೆ "ಸಾವಯವ ಹತ್ತಿ" ಎಂದಷ್ಟೇ ಇದ್ದರೆ ಅದು ಹೊಲದ ಮಾತಾಯಿತು. ಬಣ್ಣದ ತೊಟ್ಟಿಯ ಸಂಗತಿ ಅದರಲ್ಲಿಲ್ಲ. ಗಾಟ್ಸ್ ಎಂಬ ಮುದ್ರೆಗೆ ಬಣ್ಣವನ್ನೂ ಕೊಳಚೆಯನ್ನೂ ಪರೀಕ್ಷಿಸುವರು. ಅದರಡಿ "ಸಾವಯವ" ಎನ್ನಿಸಿಕೊಳ್ಳಲು ನೂಲಿನಲ್ಲಿ ನೂರಕ್ಕೆ 95 ಪಾಲು ಸಾವಯವವಿರಬೇಕು. ಬೆಲೆ ಹೆಚ್ಚೆನಿಸಿದರೆ ಆರರ ಬದಲು ನಾಲ್ಕನ್ನು ಕೊಂಡು ಸರದಿಯಲ್ಲಿ ಒಗೆಯಬಹುದು. ಹಳೆಯ ಬನಿಯನ್ನು ಒರೆಸುವ ಬಟ್ಟೆಯಾಗುವುದು ಎಲ್ಲ ಮನೆಯ ಪದ್ಧತಿಯೇ. ಅಪ್ಪಟ ಹತ್ತಿಯದು ನೀರನ್ನು ಹೀರುವುದು, ಪಾಲಿಯೆಸ್ಟರ್ ಬೆರೆತದ್ದು ನೀರನ್ನು ನೆಲದ ಮೇಲೆ ಬಳಿಯುತ್ತ ಹೋಗುವುದು.