ಎಣಿಕೆ ಒಂದೆಡೆ, ಮತ ಇನ್ನೊಂದೆಡೆ

ತೊಗರಿಯ ರಾಶಿ ಮುಗಿದೊಡನೆ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದ ಕೂಲಿಕಾರರು ಬೆಂಗಳೂರು, ಪುಣೆ, ಮುಂಬಯಿಗಳ ಕಡೆಗೆ ಗುಳೆ ಹೊರಡುತ್ತಾರೆ. ಸೊನ್ನದ ಬಳಿ ಭೀಮಾ ನದಿಗೆ ಬ್ಯಾರೇಜು ಕಟ್ಟಿದ್ದರೂ ಬೇಸಿಗೆಯಲ್ಲಿ ಹೊಳೆಯ ಒಡಲು ಬತ್ತುವುದು ತಪ್ಪಿಲ್ಲ. ಊರಿನಲ್ಲಿ ಮುದುಕರೂ ಮಕ್ಕಳೂ ಉಳಿಯುತ್ತಾರೆ. ದುಡಿಯುವ ಕೈಗಳು ರಾಜಧಾನಿಯ ಅಂಚಿನ ಬಡಾವಣೆಗಳಲ್ಲಿ ಗಾರೆ ಹೊರುತ್ತವೆ. ಇದು ಹೊಟ್ಟೆಪಾಡಿನ ಸಂಗತಿ ಮಾತ್ರವಲ್ಲ. ಇಂತಹ ವಲಸೆಯೇ ನಾಡಿನ ಮತಕ್ಷೇತ್ರಗಳ ಭೂಪಟವನ್ನು ತಿದ್ದುತ್ತಿದೆ. ಮಲೆನಾಡಿಗೂ ಇದು ನೇರವಾಗಿ ತಟ್ಟುವ ವಿಷಯ.

2001ರ ಜನಗಣತಿಯನ್ನು ಆಧರಿಸಿದ ಕ್ಷೇತ್ರ ಪುನರ್ವಿಂಗಡಣೆ ಕರ್ನಾಟಕದಲ್ಲಿ 2008ರ ವಿಧಾನಸಭಾ ಚುನಾವಣೆಯಿಂದ ಜಾರಿಗೆ ಬಂದಿತು. ಒಟ್ಟು ಸ್ಥಾನಗಳು 224 ಆಗಿಯೇ ಉಳಿದವು. ಆದರೆ ಬೆಂಗಳೂರು ನಗರ ಜಿಲ್ಲೆಯ ಕ್ಷೇತ್ರಗಳು 16ರಿಂದ 28ಕ್ಕೆ ಏರಿದವು. ಕೊಡಗು 3ರಿಂದ 2ಕ್ಕೆ, ಚಿಕ್ಕಮಗಳೂರು 6ರಿಂದ 5ಕ್ಕೆ ಇಳಿದವು. ಕಲಬುರಗಿ ಸೀಮೆಯ ಕಮಲಾಪುರ, ಶಹಾಬಾದ್ ಕ್ಷೇತ್ರಗಳು ಇಲ್ಲವಾದವು. 2001ರ ಜನಗಣತಿಯ ಅನಂತರದ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಬೆಳೆಯಿತು. ಕೊಡಗು ಹೆಚ್ಚು ಕಡಿಮೆ ಇದ್ದಲ್ಲಿಯೇ ಇತ್ತು, ಚಿಕ್ಕಮಗಳೂರು ತುಸು ಕುಗ್ಗಿತು.

ನಗರಕ್ಕೆ ಸ್ಥಾನ ಹೆಚ್ಚಿದುದು ಅನ್ಯಾಯವೆನ್ನಲಾಗದು. ಅಂದಿನ ಉತ್ತರಹಳ್ಳಿಯಂತಹ ಬೃಹತ್ ಕ್ಷೇತ್ರದಲ್ಲಿ ಒಬ್ಬ ಮತದಾರನ ಮತಕ್ಕೆ ಗುಡ್ಡಗಾಡಿನ ಮತದಾರನ ಮತದಷ್ಟು ತೂಕವಿರಲಿಲ್ಲ. ಮಹದೇವಪುರ, ಬೊಮ್ಮನಹಳ್ಳಿಗಳಂತಹ ಹೊಸ ಕ್ಷೇತ್ರಗಳಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಉರ್ದು ಆಡುವವರು ಕೂಡಿ ಬಾಳುತ್ತಾರೆ. ಅವರ ಮತವೂ ಮತವೇ.

ಅನ್ಯಾಯ ಇರುವುದು ಬೇರೆಡೆ. ನಗರದ ಅಂಚಿನ ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿದ ಅಫಜಲಪುರದ ಕೂಲಿಕಾರ ಜನಗಣತಿಯಲ್ಲಿ ನಗರವಾಸಿಯಾಗಿ ಲೆಕ್ಕಕ್ಕೆ ಬರುತ್ತಾನೆ. ಮತದಾರರ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಅನೇಕ ವೇಳೆ ಊರಿನಲ್ಲಿಯೇ ಇರುತ್ತದೆ. ಮತದಾನದ ದಿನ ಊರಿಗೆ ಹೋಗಿ ಬರಲು ಬಸ್ಸಿನ ಖರ್ಚು, ಕೂಲಿಯ ನಷ್ಟ ಎರಡನ್ನೂ ಅವನೇ ಹೊರಬೇಕು. ಅವನ ತಲೆ ನಗರಕ್ಕೆ ಸ್ಥಾನ ಕೂಡಿಸುತ್ತದೆ. ಅವನಿಗೆ ಅಲ್ಲಿಯೂ ಮತವಿಲ್ಲ, ಇಲ್ಲಿಯೂ ಮತವಿಲ್ಲ. ವಲಸಿಗರಿಗಾಗಿ ಚುನಾವಣಾ ಆಯೋಗ 2023ರಲ್ಲಿ ಪಕ್ಷಗಳ ಮುಂದಿಟ್ಟ ದೂರಮತದಾನ ಯಂತ್ರದ ಪ್ರಸ್ತಾಪವೂ ಕೈಗೂಡಲಿಲ್ಲ. ಓದಿಗೆ, ನೌಕರಿಗೆ ಘಟ್ಟದ ಊರು ಬಿಟ್ಟ ತರುಣರ ಪಾಡೂ ಬಹುಮಟ್ಟಿಗೆ ಇದೇ.

ಮರಕ್ಕೆ ಮತವಿಲ್ಲ, ಹೊಳೆಗೆ ಮತವಿಲ್ಲ. ಅವುಗಳ ಪರವಾಗಿ ಮಾತನಾಡುವವರು ಅವುಗಳ ಮಗ್ಗುಲಲ್ಲಿ ಬಾಳುವ ಜನ. ಸಕಲೇಶಪುರದ ಕಾಡಿನ ಎತ್ತಿನಹೊಳೆಯ ನೀರನ್ನು ಪೂರ್ವದ ಬಯಲಿಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರಲ್ಲಿ ಉದ್ಘಾಟನೆಗೊಂಡಿತು. ನೀರು ಹುಟ್ಟುವ ನಾಡಿನ ಪ್ರತಿನಿಧಿಗಳು ಕಡಿಮೆಯಾಗಿ, ನೀರು ಬೇಡುವ ನಾಡಿನ ಪ್ರತಿನಿಧಿಗಳು ಹೆಚ್ಚಾದಷ್ಟೂ ಇಂತಹ ತೀರ್ಮಾನಗಳು ಯಾವ ಕಡೆಗೆ ವಾಲುವುವೆಂದು ಬಿಡಿಸಿ ಹೇಳಬೇಕಾಗಿಲ್ಲ. ಬತ್ತುವ ಭೀಮೆಯ ದಡಕ್ಕೂ ಈ ಮಾತು ಸಲ್ಲುತ್ತದೆ.

ಸಂವಿಧಾನದ 84ನೆಯ ತಿದ್ದುಪಡಿ, ಸ್ಥಾನಗಳ ಮರುಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿದಿತ್ತು. ಆ ಗಡುವು ದೂರವಿಲ್ಲ. ಕ್ಷೇತ್ರದ ಗಡಿ ಎಳೆಯುವಾಗ ಭೌತಿಕ ಲಕ್ಷಣ, ಸಂಪರ್ಕ ಸೌಕರ್ಯ, ಜನರ ಅನುಕೂಲಗಳನ್ನು ಗಮನಿಸಬೇಕೆಂದು 2002ರ ಪುನರ್ವಿಂಗಡಣಾ ಕಾಯಿದೆ ವಿಧಿಸಿತ್ತು. ಕರಡನ್ನು ಪ್ರಕಟಿಸಿ ಆಕ್ಷೇಪಣೆ ಆಲಿಸಬೇಕೆಂದೂ ಹೇಳಿತ್ತು. ಮುಂದಿನ ಕಾಯಿದೆಯಲ್ಲಿಯೂ ಈ ಅಂಶಗಳು ಉಳಿಯಬೇಕೆಂದು ಗ್ರಾಮಸಭೆಗಳು ಈಗಲೇ ನಿರ್ಣಯ ಮಾಡಲಿ. ಊರು ಬಿಟ್ಟು ನೆಲೆಸಿದವರ ಹೆಸರು ಅವರು ಬಾಳುವೆಡೆಯ ಪಟ್ಟಿಗೆ ಸೇರುವಂತೆ ವಿದ್ಯಾರ್ಥಿಗಳು ನೆರವಾಗಲಿ. ಗಡಿಗೆರೆ ಬಿದ್ದ ಮೇಲೆ ಹಲುಬಿ ಫಲವಿಲ್ಲ.